ಟ್ಯಾಂಕಿನ ಮೇಲಿನ ಕೆಂಪು

ಮೇಲೆ ಹಾಡಿಕೊಂಡೇ ಬಣ್ಣ ಬಳಿಯುತ್ತಿದ್ದ ಮಗಳ ದನಿ ಇದ್ದಕ್ಕಿದ್ದಂತೆ ನಿಂತುಹೋಯಿತು. ನೀರಿನ ಟ್ಯಾಂಕಿನ ಬುಡದಲ್ಲಿ ಬಣ್ಣ ಕಲಸುತ್ತಿದ್ದ ಪೇಂಟರ್ ಕತ್ತೆತ್ತಿ ಮೂರು ಸಲ ಕೂಗಿದ.

ಎಂಟು ವರ್ಷದ ಹಿಂದೆ ಇಂಥದೇ ಏಣಿಯಿಂದ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಅವನು ಒಂದು ಸ್ಟೂಲ್ ಕೂಡ ಹತ್ತಿರಲಿಲ್ಲ. ಈಗ ಬಣ್ಣ ಕಲಸುವ ಕೋಲು ಬಿಸಾಕಿ ಏಣಿ ಹಿಡಿದ. ಒಂದೊಂದೇ ಮೆಟ್ಟಿಲು ಹತ್ತತೊಡಗಿದ. ಪಂಪ್‌ಹೌಸಿನ ಮುದುಕ, "ನಿಮ್ಮ ಕೈಲಾಗಲ್ಲ ಮೇಸ್ತ್ರಿ, ಇಳೀರಿ!" ಅಂದದ್ದು ಕಿವಿಗೇ ಬೀಳಲಿಲ್ಲ.

ಮೇಲೆ ಕಂಬಿಯ ಒಳಗೆ ಮಗಳು ಗೊಂಬೆಯಂತೆ ನಿಂತಿದ್ದಳು.

"ಬಾಯಿಗೆ ಬೀಗ ಬಿದ್ದಿದ್ಯೇನೇ? ನನ್ನ ಜೀವ..." ಎಂದು ಗದರುತ್ತ ಹೋದವನ ಕಣ್ಣು ಟ್ಯಾಂಕಿನ ತಗಡಿನ ಮೇಲೆ ಬಿತ್ತು.

ಬಿಸಿಲು ಬೀಳುವ ಬದಿಯ ತಗಡೆಲ್ಲ ಕೆಂಪು. ಆ ಕೆಂಪು ಅಲುಗುತ್ತಿತ್ತು. ಗುಲಗಂಜಿ ಹುಳುಗಳು! ಬೆನ್ನ ಮೇಲೆ ಕಪ್ಪು ಚುಕ್ಕಿ ಹೊತ್ತುಕೊಂಡು, ಒಂದಕ್ಕೊಂದು ಒತ್ತಿಕೊಂಡು, ಸಾವಿರ ಸಾವಿರ. ಮಗಳ ತೋಳು, ಕೊರಳು, ಕೊನೆಗೆ ತುಟಿಯ ಅಂಚಿನಲ್ಲೂ ಹರಿದಾಡುತ್ತಿದ್ದವು.

"ಅಪ್ಪಾ," ಅವಳು ಬಾಯಿ ತೆರೆಯದಂತೆ ಪಿಸುಗುಟ್ಟಿದಳು, "ಕಾಲ ಹತ್ರ ನೋಡ್ಕೊಂಡು ಬಾ."

ಒಂದು ಹುಳು ಅವನ ಹೆಬ್ಬೆರಳು ಏರಿತು. ಉಗುರಿನ ತುದಿಯಲ್ಲಿ ನಿಂತು, ಕೆಂಪು ಚಿಪ್ಪು ಬಿಚ್ಚಿ, ಅಡಿಯಲ್ಲಿ ಮಡಚಿಟ್ಟ ರೆಕ್ಕೆ ಹರಡಿ ಹಾರಿತು. ಮೈಗಿಂತ ಉದ್ದದ ಆ ರೆಕ್ಕೆ ಅಷ್ಟು ಚಿಕ್ಕ ಚಿಪ್ಪಿನೊಳಗೆ ಹೇಗೆ ಹಿಡಿಸಿತ್ತೋ! ಚಿಕ್ಕಂದಿನಲ್ಲಿ ಇಂಥದೊಂದು ಕೈಮೇಲೆ ಕೂತರೆ ಅವನಮ್ಮ, "ಊದಬೇಡ, ಒಳ್ಳೇದಾಗುತ್ತೆ" ಅನ್ನುತ್ತಿದ್ದಳು. ಒಂದಕ್ಕೇ ಅಷ್ಟಾದರೆ ಇಷ್ಟಕ್ಕೆ ಎಷ್ಟೋ ಎಂದು ನಗು ಬಂತು. ಯಾಕೋ ಕಣ್ಣೂ ಒದ್ದೆಯಾಯಿತು.

ಇಬ್ಬರೂ ಮೈಮೇಲಿನ ಹುಳುಗಳನ್ನು ಒಂದೊಂದಾಗಿ ತಗಡಿಗೆ ದಾಟಿಸಿ ಇಳಿದುಬಂದರು. "ಆ ಒಂದು ಬದಿಗೆ ಈಗ ಬಣ್ಣ ಹೊಡೆಯಲ್ಲ," ಎಂದು ಪೇಂಟರ್ ಖಡಾಖಂಡಿತವಾಗಿ ಹೇಳಿದಾಗ ಮುದುಕ ತಲೆಯಾಡಿಸಿದ.

"ಚಳಿ ಕಳೀಲಿ, ತಾವೇ ಹೋಗ್ತವೆ. ನಾನು ಇಲ್ಲಿಗೆ ಬಂದು ಇಪ್ಪತ್ತೆರಡು ವರ್ಷ ಆಯ್ತು. ಪ್ರತಿ ಚಳಿಗಾಲಾನೂ ಇದೇ ಬದಿಗೆ ಬಂದು ಕೂರ್ತವೆ."

"ಅವೇ ಹುಳಗಳಾ?" ಮಗಳು ಕೇಳಿದಳು.

"ಅವೆಲ್ಲಿ ಉಳೀತವೆ ತಾಯಿ? ಒಂದು ಹುಳದ ಆಯಸ್ಸು ಹೆಚ್ಚಂದ್ರೆ ಒಂದು ವರ್ಷ."

ಪೇಂಟರ್ ಮತ್ತೆ ಟ್ಯಾಂಕಿನತ್ತ ಕತ್ತೆತ್ತಿದ.

"ಹಾಗಾದ್ರೆ," ಎಂದ ಮೆಲ್ಲಗೆ, "ಅಲ್ಲಿರೋದ್ರಲ್ಲಿ ಒಂದೂ ಈ ಜಾಗಾನ ಮುಂಚೆ ನೋಡೇ ಇಲ್ಲ."