ಮೇಷ್ಟ್ರ ಖಾಲಿ ಸೈಟು

‘‘ಮೊದ್ಲು ಆಕಾಶ ಕಳಿ ತಾಯಿ, ಆಮೇಲೆ ಬಾಯಿ ಬಿಡು!’’ ಅರ್ಧ ಮಾತನ್ನು ಮೂಗಿನಲ್ಲೇ ಉಳಿಸಿಕೊಂಡು ಅವಳು ತನ್ನ ಪಿಎಚ್.ಡಿ. ಗೈಡ್ ಮೇಷ್ಟ್ರ ಅಣಕು ಮುಗಿಸಿದಾಗ ಪಕ್ಕದ ಮೇಜಿನ ಗೆಳತಿ ನಗಲಿಲ್ಲ. ಗೆಳತಿಯ ಕಣ್ಣು ಬಾಗಿಲ ಕಡೆಗಿತ್ತು.

‘‘ಮೂಗು ಸಾಲದು,’’ ಎಂದರು ಬಾಗಿಲಲ್ಲಿ ನಿಂತಿದ್ದ ಮೇಷ್ಟ್ರು. ‘‘ಇನ್ನೂ ಸ್ವಲ್ಪ ಹಾಕ್ಬೇಕು. ಎಲ್ಲಿ, ಪ್ರಬಂಧ ರೆಡಿನಾ? ಶುಕ್ರವಾರ ಕೊಡ್ಬೇಕು.’’

ಗೆಳತಿ ಬಾರದ ಫೋನನ್ನು ಕಿವಿಗಿಟ್ಟುಕೊಂಡು ಜಾಗ ಖಾಲಿ ಮಾಡಿದಳು.

‘‘ಒಂದು ಗುಳಿ ಬಿದ್ದಿದೆ ಸರ್,’’ ಎಂದು ಅವಳು ಪರದೆ ತಿರುಗಿಸಿದಳು. ಗ್ರಾಫಿನ ಗೆರೆ ಒಂದು ಕಡೆ ಸೊನ್ನೆಗಿಂತ ಕೆಳಗಿಳಿದಿತ್ತು. ಪೆಟ್ಟು ತಿಂದ ಹೈಡ್ರೋಜನ್ ಮಿನುಗಬೇಕಾದ ಜಾಗವೇ ಅದು. ನಕ್ಷತ್ರಗಳ ನಡುವಿನ ಅನಿಲದ ಮೋಡದಲ್ಲಿ ಈ ಅಣು ತಣ್ಣಗೆ, ತೆಪ್ಪಗಿರುತ್ತದೆ. ಆಘಾತದ ಅಲೆಯೊಂದು ಬಂದು ಅಪ್ಪಳಿಸಿದಾಗ ಕಾದು, ಕಣ್ಣಿಗೆ ಕಾಣದ ಅವಗೆಂಪು ಬೆಳಕಿನಲ್ಲಿ ಬಾಯಿ ಬಿಡುತ್ತದೆ.

‘‘ಬೆಳಕು ಸೊನ್ನೆಗಿಂತ ಕಡಿಮೆ ಹೇಗಾಗುತ್ತಮ್ಮಾ? ಕ್ಯಾಮೆರಾ ಕೆಟ್ಟಿರ್ಬೇಕು.’’

‘‘ಮೂರು ಸಲ ನೋಡ್ದೆ ಸರ್, ಹೊಸ ಕ್ಯಾಮೆರಾ ಗಟ್ಟಿಮುಟ್ಟಾಗಿದೆ. ಹಳೇದಕ್ಕೆ ಇಷ್ಟು ಸಣ್ಣ ಬೆಳಕು ಸಿಕ್ತಿರ್ಲಿಲ್ಲ. ನಿಮ್ಮ ಸೈಟೇ...’’

ಅವಗೆಂಪಿನಲ್ಲಿ ನಮ್ಮ ತಲೆಯ ಮೇಲಿನ ಗಾಳಿಯೂ ಹೊಳೆಯುತ್ತದೆ. ಹಾಗಾಗಿ ಮೋಡವನ್ನೊಮ್ಮೆ, ಪಕ್ಕದ ಖಾಲಿ ಆಕಾಶವನ್ನೊಮ್ಮೆ ಹಿಡಿದು, ಮೋಡದ ಬೆಳಕಿನಿಂದ ಆಕಾಶದ ಬೆಳಕನ್ನು ಕಳೆಯುವುದು ರೂಢಿ. ಆ ಖಾಲಿ ತುಂಡನ್ನು ಇಪ್ಪತ್ತೆರಡು ವರ್ಷದ ಹಿಂದೆ ಆರಿಸಿದವರು ಮೇಷ್ಟ್ರು. ಪ್ರಯೋಗಾಲಯದಲ್ಲಿ ಅದರ ಹೆಸರೇ ‘ಮೇಷ್ಟ್ರ ಖಾಲಿ ಸೈಟು’. ಅದನ್ನು ಕಳೆದೂ ಕಳೆದೂ ‘ಈ ಮೋಡ ಶಾಂತ, ಪೆಟ್ಟೇ ಬಿದ್ದಿಲ್ಲ’ ಎಂದು ಸಾರಿ ಅವರು ಹೆಸರು ಮಾಡಿದ್ದರು. ಆರು ಮಂದಿ ಶಿಷ್ಯರು ಅದೇ ಮಾತಿನ ಮೇಲೆ ಡಾಕ್ಟರಾಗಿದ್ದರು. ಇವಳು ಏಳನೆಯವಳು. ಅವರ ಸಹಿ ಬೀಳದೆ ಇವಳ ಪ್ರಬಂಧ ಈ ಬಾಗಿಲು ದಾಟುವಂತಿರಲಿಲ್ಲ.

‘‘ಕಳೀದೇ ನೋಡ್ದೆ ಸರ್,’’ ಕೊನೆಗೆ ಹೇಳಿಯೇಬಿಟ್ಟಳು. ‘‘ಮೋಡದಲ್ಲೂ ಆ ಹೈಡ್ರೋಜನ್ ಹೊಳೀತಿದೆ, ಪೆಟ್ಟು ಬಿದ್ದಿದೆ. ಸೈಟಲ್ಲಿ ಅದಕ್ಕಿಂತ ಜೋರಾಗಿ ಹೊಳೀತಿದೆ.’’

ಮೇಷ್ಟ್ರು ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಳ್ಳಲು ಮರೆತು ಕುರ್ಚಿ ಎಳೆದುಕೊಂಡರು.

‘‘ಇಪ್ಪತ್ತೆರಡು ವರ್ಷ. ಒಂದು ದಿನಾನೂ ಅದನ್ನ ನೋಡ್ಲಿಲ್ಲಮ್ಮ. ಬರೀ ಕಳೀತಾ ಬಂದೆ.’’

‘‘ಪ್ರಬಂಧದಲ್ಲಿ ಏನಂತ ಬರೀಲಿ ಸರ್?’’

‘‘ಕಂಡದ್ದನ್ನ ಬರಿ, ಸಹಿ ಹಾಕ್ತೀನಿ. ಅದಕ್ಕೆ ಮುಂಚೆ ಆ ಆರು ಜನಕ್ಕೆ ನಾನು ಫೋನ್ ಮಾಡ್ಬೇಕು.’’ ಫೋನ್ ಕೈಗೆತ್ತಿಕೊಂಡವರು ಅವಳ ಕಡೆ ತಿರುಗಿದರು. ‘‘ಎಲ್ಲಿ, ನನ್ನ ದನೀಲಿ ಒಂದ್ಸಲ ಹೇಳು ನೋಡೋಣ, ‘ನಾನು ತಪ್ಪು ಮಾಡ್ದೆ’ ಅಂತ. ಹೇಗೆ ಕೇಳ್ಸುತ್ತೋ ನಂಗೇ ಗೊತ್ತಿಲ್ಲ.’’

ಅವಳು ಬಾಯಿ ತೆರೆದಳು. ಮೂಗು ಕೈಕೊಟ್ಟಿತು, ತನ್ನದೇ ಸಣ್ಣ ದನಿ ಹೊರಬಿತ್ತು.

‘‘ಹಾಗಲ್ಲಮ್ಮ, ಹೀಗೆ,’’ ಎಂದು ಮೇಷ್ಟ್ರು ಗಂಟಲು ಸರಿಮಾಡಿಕೊಂಡು ಮೊದಲ ನಂಬರು ಒತ್ತಿದರು.