ಕಿಟಕಿಯ ಎರಡು ಪಟ್ಟಿ

ತೂಕ ಇಳಿಸಲು ಗಂಡ ಹೆಂಡತಿ ಕೂಡಿಯೇ ಅನ್ನ ಬಿಟ್ಟಿದ್ದರು. ಮೈಕೊಬ್ಬು ಕರಗುತ್ತಿದ್ದರೆ ಮೂತ್ರದಲ್ಲಿ ಅದ್ದಿದ ಪರೀಕ್ಷೆಯ ಪಟ್ಟಿ ನೇರಳೆಗೆ ತಿರುಗಬೇಕು. ದಿನಾ ಬೆಳಿಗ್ಗೆ ಇಬ್ಬರೂ ತಮ್ಮ ಪಟ್ಟಿಯನ್ನು ಬಚ್ಚಲ ಕಿಟಕಿಯ ತಂತಮ್ಮ ಮೂಲೆಯಲ್ಲಿಡುತ್ತಿದ್ದರು. ವಾರಿಜ ಹಾಲು ಕಾಯಿಸಿ ಬರುವಷ್ಟರಲ್ಲಿ ನಿರಂಜನನದು ತಿರುಗಿರುತ್ತಿತ್ತು, ಅವಳದು ಎಂದೂ ಇಲ್ಲ.

"ಕದ್ದು ತಿಂತೀಯ, ಒಪ್ಕೋ."

"ಅಮ್ಮನಾಣೆ, ಒಂದಗುಳೂ ಮುಟ್ಟಿಲ್ಲ ರೀ."

ತನ್ನ ಮೈಮೇಲೇ ನಂಬಿಕೆ ಹೋಗಿ ಅವಳು ರಾತ್ರಿಯೂಟವನ್ನೂ ಬಿಟ್ಟಳು.

ಇಂದು ಹಾಲು ಬಂದಿರಲಿಲ್ಲ. ಪಟ್ಟಿಯಿಟ್ಟು ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದವಳು ಕಿಟಕಿಯತ್ತ ನೋಡಿದಳು. ತನ್ನ ಪಟ್ಟಿ ಕಡುನೇರಳೆ! ಖುಷಿಯಿಂದ ಕೂಗಬೇಕೆನ್ನುವಷ್ಟರಲ್ಲಿ ಒಳಗಿನಿಂದ ಗಂಡನ ಕೈ ಬಂದು ಎರಡೂ ಪಟ್ಟಿಗಳನ್ನು ಅದಲುಬದಲು ಮಾಡಿತು.

ಆಮೇಲೆ ಅವನು ಅಡುಗೆಮನೆಯತ್ತ ಕೂಗಿದ: "ವಾರಿಜಾ, ನಿಂದು ಇವತ್ತೂ ತಿರುಗಿಲ್ಲ ಕಣೇ. ನಿನ್ನೆ ಏನ್ ತಿಂದೆ?"