ಗುಂಡಿಯ ದಂಡೆಯ ಬೆನಕ

ಮುಚ್ಚಿಹೋದ ಬಣ್ಣದ ಕಾರ್ಖಾನೆಯ ವಿಷಮಣ್ಣನ್ನು ಬಗೆದು ಡ್ರಮ್ಮಿಗೆ ತುಂಬುವ ಗುತ್ತಿಗೆ ಮಾಲಿಂಗಪ್ಪನದು. ಆ ಮಣ್ಣು ಗುಂಡಿಯಲ್ಲಿರಬೇಕು, ಬಿಟ್ಟರೆ ಡ್ರಮ್ಮಿನಲ್ಲಿ. ನಡುವೆ ಎಲ್ಲಾದರೂ ಒಂದು ಹಿಡಿ ಮಣ್ಣು ಕಂಡರೂ ಲೈಸೆನ್ಸ್ ರದ್ದು ಎಂಬುದು ನಿಯಮ. ತಪಾಸಣೆಗೆ ಬಂದ ಅಧಿಕಾರಿಯ ಕಣ್ಣು ನೆಟ್ಟಗೆ ಗುಂಡಿಯ ದಂಡೆಗೇ ಬಿತ್ತು.

"ಏನ್ರೀ ಇದು?"

ಮಾಲಿಂಗಪ್ಪ ಓಡಿಬಂದ. ಕೆಲಸ ಶುರುಮಾಡುವ ಮುನ್ನ ಕೂಲಿಯ ಸಾಕವ್ವ ಅದೇ ಮಣ್ಣನ್ನು ಕಲಸಿ, ಬೆನಕ ಮಾಡಿ, ನೆತ್ತಿಗೆ ಗರಿಕೆ ಸಿಕ್ಕಿಸಿ ಕೂರಿಸಿದ್ದಳು.

"ಬೆನಕಪ್ಪ, ಸಾಮಿ," ಎಂದಳು ಸಾಕವ್ವ.

"ವಿಷದ ಮಣ್ಣಮ್ಮಾ ಅದು! ಈಗಲೇ ಡ್ರಮ್ಮಿಗೆ ಹಾಕಿ. ಇಲ್ದಿದ್ರೆ ಲೈಸೆನ್ಸ್ ಮರೆತುಬಿಡಿ."

"ಕೈ ಮುಗಿದಾಯ್ತಲ್ಲ ಸಾಮಿ, ಇನ್ನು ನಮ್ ಕೈಲಾಗಲ್ಲ. ಬೇಕಾದ್ರೆ ನೀವೇ ಎತ್ತಾಕಿ."

ಅಧಿಕಾರಿ ಬಗ್ಗಿ ಕೈ ಚಾಚಿದರು. ಗರಿಕೆ ಕಂಡದ್ದೇ ಕೈ ತಾನಾಗಿ ಹಿಂದೆ ಬಂತು. ಅತ್ತಿತ್ತ ನೋಡಿ ಮೆಲ್ಲಗೆ ಗಲ್ಲ ಬಡಿದುಕೊಂಡರು.

"ಸರಿ, ಇದು ಮಣ್ಣಲ್ಲ, ದೇವರು ಅಂತಲೇ ಬರ್ಕೋತೀನಿ. ಲೈಸೆನ್ಸ್ ಉಳೀತು ಹೋಗಿ."

ಮಾಲಿಂಗಪ್ಪ ಉಸಿರುಬಿಟ್ಟ. ಬರೆಯುತ್ತಿದ್ದ ಅಧಿಕಾರಿ ಮತ್ತೆ ತಲೆಯೆತ್ತಿ ಬೆನಕನತ್ತ ಪೆನ್ನು ತೋರಿಸಿದರು.

"ಆದ್ರೆ ಗುಂಡಿ ಹತ್ರ ಇರೋರೆಲ್ಲಾ ಮಾಸ್ಕ್ ಹಾಕಿರಲೇಬೇಕು. ಇವರದ್ದೆಲ್ಲಿ?"